ರಿಷಭದ ಮೇಲೊಂದು ಗೀರು

ಗೇರು ಬದಲಿಸಿದಾಗಲೆಲ್ಲ ಬಸ್ಸಿನ ಕಿಟಕಿಯ ಗಾಜು ಗುರುಗುಟ್ಟುತ್ತಿತ್ತು. ಲಿಖಿತ್ ಅದಕ್ಕೆ ಅಂಗೈ ಒತ್ತಿದ, ನಿಂತಿತು. ತೆಗೆದ, ಮತ್ತೆ ಶುರುವಾಯಿತು. ಇದು ಸಡಿಲಾದ ರಬ್ಬರಿನ ಶಬ್ದ, ಅದು ಹಾರ್ಮೋನಿಯಂ ಪೆಟ್ಟಿಗೆಯ ಹಿತ್ತಾಳೆ ರೀಡಿನದು, ಒಂದಕ್ಕೂ ಇನ್ನೊಂದಕ್ಕೂ ಸಂಬಂಧವಿಲ್ಲ ಎಂದು ತನಗೆ ತಾನೇ ಹೇಳಿಕೊಂಡರೂ ಕಿವಿ ಒಪ್ಪದೆ ಎಣಿಸುತ್ತಲೇ ಇತ್ತು. ಸೆಕೆಂಡಿಗೆ ಹತ್ತು, ಹನ್ನೊಂದು. ನಾಯಿ ಕಚ್ಚುವ ಮುಂಚೆ ಗಂಟಲೊಳಗೇ ಆಡಿಸುವಂಥದ್ದು. ನಿನ್ನೆ ಸಂಜೆಯಿಂದ ಅದು ಎಲ್ಲೆಲ್ಲೂ ಇತ್ತು. ಬೆಳಿಗ್ಗೆ ಪಕ್ಕದ ಹೋಟೆಲಿನ ಗ್ರೈಂಡರಿನಲ್ಲಿತ್ತು, ಸಾ ಮಿಲ್ಲಿನ ಗರಗಸದಲ್ಲಿತ್ತು, ಹಲ್ಲುಜ್ಜುವಾಗ ತನ್ನದೇ ದವಡೆಯಲ್ಲಿತ್ತು. ಪಕ್ಕದಲ್ಲಿ ಕೂತ ಹೆಂಗಸು ಅವನ ಕೈಯನ್ನೇ ನೋಡುತ್ತಿದ್ದಳು. "ಎಂತಕ್ಕೆ ಹಿಡ್ಕಂಡಿದೀಯಪ್ಪ? ಗಾಜು ಬೀಳ್ತದಾ?" ಎಂದು ಕೇಳಿದಳು. "ಇಲ್ಲಕ್ಕ, ಶಬ್ದ," ಎಂದ. "ಶಬ್ದ ಇಲ್ದಿದ್ರೆ ಅದು ಬಸ್ಸಾ?" ಎಂದು ನಕ್ಕು ಅವಳು ಆಚೆ ತಿರುಗಿದಳು. ಅವನಿಗೆ ರೇಗಿತು. ಅವಳ ಮೇಲಲ್ಲ. ಇಡೀ ಬಸ್ಸಿನಲ್ಲಿ ಯಾರಿಗೂ ಕೇಳದ್ದು ತನಗೊಬ್ಬನಿಗೇ ಯಾಕೆ ಕೇಳಬೇಕು ಎಂದು. ಕೇಳಿದರೂ ತನ್ನ ಕೈ ಸುಮ್ಮನಿರಬಹುದಿತ್ತಲ್ಲ, ಆ ಒಂದು ಗೀರು ಎಳೆಯದೆ ಇರಬಹುದಿತ್ತಲ್ಲ ಎಂದು.

ಶರ್ಟಿನ ಜೇಬಿನಲ್ಲಿ, ಶಾಲೆಯಲ್ಲಿ ಲೆಕ್ಕ ಕಲಿಸಿದ್ದ ಮಾಲಿನಿ ಟೀಚರ್ ಕೊಟ್ಟ ಚೀಟಿ ಬೆವರಿಗೆ ಮೆತ್ತಗಾಗಿತ್ತು. ರೂಲ್ಡ್ ಹಾಳೆಯ ಮೇಲೆ ನೀಲಿ ಶಾಯಿಯಲ್ಲಿ, ಕರಿಹಲಗೆಯ ಮೇಲೆ ಬರೆಯುತ್ತಿದ್ದ ಅದೇ ದುಂಡು ಅಕ್ಷರದಲ್ಲಿ ಏಳು ಸ್ವರ, ಪಕ್ಕದಲ್ಲಿ ಏಳು ಭಿನ್ನರಾಶಿ. ಸ ಒಂದು. ರಿ ಒಂಬತ್ತು ಬೈ ಎಂಟು. ಗ ಐದು ಬೈ ನಾಲ್ಕು. ಹೀಗೇ ಮೇಲಕ್ಕೆ. ಒಂದು ವಾರದ ಹಿಂದೆ ಅದನ್ನು ಕೈಗಿಟ್ಟು, "ಇದರ ಪ್ರಕಾರ ಮಾಡ್ಕೊಡು. ಈಗಿನ ಪೆಟ್ಟಿಗೇಲಿ ಎಲ್ಲ ಸ್ವರಾನೂ ಚೂರು ಚೂರು ಸುಳ್ಳು. ಎಲ್ಲ ಶ್ರುತಿಗೂ ಆಗ್ಲಿ ಅಂತ ಯಾವ್ದಕ್ಕೂ ಪೂರ್ತಿ ಆಗದ ಹಾಗೆ ಇಟ್ಟಿದಾರೆ. ನಂಗೆ ಒಂದ್ಸಲ ನಿಜವಾದ್ದು ಕೇಳ್ಬೇಕು," ಎಂದಿದ್ದರು. ಅವನು ಚೀಟಿಯನ್ನು ಎರಡು ಕ್ಷಣ ನೋಡಿ, ಅರ್ಥವಾದವರ ಹಾಗೆ ತಲೆಯಾಡಿಸಿ, ಜೇಬಿಗಿಟ್ಟಿದ್ದ. ಆಮೇಲೆ ತೆಗೆದೇ ಇರಲಿಲ್ಲ. ಬೇಕಿರಲಿಲ್ಲ. ಷಡ್ಜದ ಜೊತೆ ಗಾಂಧಾರ ಒತ್ತಿದರೆ ದನಿಯಲ್ಲಿ ಅಲೆ ಏಳುತ್ತದೆ. ರೀಡಿನ ಬುಡ ಕೆರೆದರೆ ಸ್ವರ ಇಳಿಯುತ್ತದೆ, ತುದಿ ಕೆರೆದರೆ ಏರುತ್ತದೆ. ಅಲೆ ನಿಧಾನವಾಗುತ್ತ ಬಂದು ಒಂದು ಜಾಗದಲ್ಲಿ ನಿಂತುಬಿಡುತ್ತದೆ, ಕೆರೆಯ ನೀರು ನಿಂತ ಹಾಗೆ. ಅಲ್ಲಿ ಕೈ ನಿಲ್ಲಿಸಬೇಕು. ಇದಕ್ಕೆ ಯಾವ ಭಿನ್ನರಾಶಿ? ತುಮರಿಯ ಭಜನಾ ಮಂಡಳಿಯ ಪೆಟ್ಟಿಗೆಯಿಂದ ಹಿಡಿದು ತೀರ್ಥಹಳ್ಳಿಯ ಸಂಗೀತ ಶಾಲೆಯದರವರೆಗೆ ಅವನು ಕಿವಿಯಿಂದಲೇ ಕೂರಿಸಿದವನು. ಎಂಟನೇ ಕ್ಲಾಸು ಬಿಟ್ಟವನ ಕೈಗೆ ಭಿನ್ನರಾಶಿ ಬರೆದುಕೊಡುವುದೆಂದರೇನು, ಬೇಕೆಂತಲೇ ಕೊಟ್ಟರಾ, ಅಥವಾ ಇವನು ಯಾರು ಎನ್ನುವುದೇ ಮರೆತುಹೋಗಿದೆಯಾ? ಎರಡರಲ್ಲಿ ಯಾವುದು ಹೆಚ್ಚು ಅವಮಾನ ಎಂದು ವಾರವಿಡೀ ತೂಗಿದ್ದ.

ಅರ್ಧಕ್ಕೆ ಮೂರನೇ ಒಂದು ಕೂಡಿಸು ಎಂದಿದ್ದರು. ಎಂಟನೇ ಕ್ಲಾಸು ಬಿ ಸೆಕ್ಷನ್ನು, ಮಧ್ಯಾಹ್ನದ ಮೊದಲ ಪಿರಿಯಡ್ಡು. ಅವನು ಮೇಲಿನದಕ್ಕೆ ಮೇಲಿನದು, ಕೆಳಗಿನದಕ್ಕೆ ಕೆಳಗಿನದು ಕೂಡಿಸಿ ಎರಡು ಬೈ ಐದು ಎಂದು ಬರೆದ. ಟೀಚರ್ ಬೋರ್ಡಿನ ಹತ್ತಿರ ಬಂದು, ಚಾಕ್‌ಪೀಸಿನ ಧೂಳು ಕೊಡವುತ್ತ, "ಅರ್ಧ ರೊಟ್ಟಿ ಇತ್ತು, ಮೇಲೆ ಇನ್ನಷ್ಟು ಕೊಟ್ಟೆ, ಕೊನೆಗೆ ಅರ್ಧಕ್ಕಿಂತ ಕಮ್ಮಿ ಆಯ್ತಾ? ನಿಮ್ಮನೇಲಿ ಗದ್ದೆ ಭಾಗ ಮಾಡ್ಕೊಂಡಿದ್ದೂ ಹಿಂಗೇನಾ?" ಎಂದರು. ಕ್ಲಾಸು ನಕ್ಕಿತು. ರೊಟ್ಟಿಗೆ ನಕ್ಕವರು ಕೆಲವರು. ಗದ್ದೆಗೆ ನಕ್ಕವರು ಬೇರೆ ಕೆಲವರು, ಅವರಿಗೆ ಗೊತ್ತಿತ್ತು. ಟೀಚರ ಗಂಡ ಹೇಮಚಂದ್ರರ ಮನೆಯ ಗದ್ದೆಯನ್ನು ಗೇಣಿಗೆ ಉಳುತ್ತಿದ್ದವರು ಲಿಖಿತನ ಅಜ್ಜ. ಉಳುವವನಿಗೇ ಭೂಮಿ ಎಂಬ ಕಾನೂನು ಬಂದಾಗ ಅರ್ಜಿ ಕೊಟ್ಟು ತಮ್ಮ ಹೆಸರಿಗೆ ಮಾಡಿಸಿಕೊಂಡರು. ಅದಾಗಿ ಎರಡು ತಲೆಮಾರು ಕಳೆದಿತ್ತು. ಎರಡೂ ಮನೆಯವರು ಮದುವೆ ಮುಂಜಿಗೆ ಕರೆಯುತ್ತಾರೆ, ಹೋಗುತ್ತಾರೆ, ಉಂಡು ಬರುತ್ತಾರೆ. ಆದರೆ ಆ ಮಧ್ಯಾಹ್ನ ಬೋರ್ಡಿನ ಮುಂದೆ ನಿಂತವನ ಕೈಯಲ್ಲಿದ್ದದ್ದು ಚಾಕ್‌ಪೀಸಲ್ಲ, ಕದ್ದ ಮಾಲು. ಮಾರನೇ ದಿನ ಅವನು ಶಾಲೆಗೆ ಹೋಗಲಿಲ್ಲ, ಅದರ ಮಾರನೇ ದಿನವೂ. ಅಪ್ಪ ಸುಬ್ಬಪ್ಪ ಕಾರಣ ಕೇಳಿ ಕೇಳಿ ಹೊಡೆದು ಸುಸ್ತಾಗಿ, ಕೊನೆಗೆ ತೀರ್ಥಹಳ್ಳಿಯಲ್ಲಿ ಪೆಟ್ಟಿಗೆ ರಿಪೇರಿ ಮಾಡುವ ವಿಘ್ನೇಶ್ವರ ಭಟ್ಟರ ಹತ್ತಿರ ಬಿಟ್ಟುಬಂದ. ಹೋದ ವಾರ ಈ ಕೆಲಸದ ಸುದ್ದಿ ಹೇಳಿದಾಗ ಅಪ್ಪ ಒಂದೇ ಮಾತು ಹೇಳಿದ್ದು: "ಆ ಮನೆಗೆ ಮುಂಬಾಗ್ಲಿಂದ ಹೋಗು. ಹಿತ್ಲಕಡೆಯಿಂದ ಹೋಗಿದ್ದು ಸಾಕು." ಅವನು ಮುಂಬಾಗಿಲಿಂದಲೇ ಹೋಗಿದ್ದ. ಮೂರು ದಿನ ತಲೆ ಎತ್ತಿಕೊಂಡೇ ಹೋಗಿ ಬಂದಿದ್ದ. ನಿನ್ನೆ ಸಂಜೆ ಮಾತ್ರ ಕಳ್ಳನ ಹಾಗೆ ಹೊರಬಿದ್ದಿದ್ದ.

ಬಟ್ಟೆಮಲ್ಲಪ್ಪದ ಸ್ಟಾಪು ದಾಟಿದ ಮೇಲೆ ಫೋನು ತೆಗೆದು ಭಟ್ಟರಿಗೆ ಮಾಡಿದ. ಭಟ್ಟರಿಗೆ ವಯಸ್ಸಾಗಿ ಕೈ ನಡುಗುತ್ತಿತ್ತು. ಈಗ ರೀಡು ಮುಟ್ಟುತ್ತಿರಲಿಲ್ಲ, ಮಾತು ಮಾತ್ರ ಬಿಟ್ಟಿರಲಿಲ್ಲ.

"ಎಂತ ಆತೋ?"

"ಭಟ್ರೇ, ರಿ ಪಂಚಮಕ್ಕೆ ಸರಿಯಾಗಿ ಕೂತಿದೆ. ಧ ಮಧ್ಯಮಕ್ಕೆ ಸರಿಯಾಗಿ ಕೂತಿದೆ. ಒಂದೊಂದೇ ನೋಡಿದ್ರೆ ಎಲ್ಲ ಸರಿ. ರಿ, ಧ ಒಟ್ಟಿಗೆ ಒತ್ತಿದ್ರೆ ಗುರುಗುಡತ್ತೆ."

"ಒಟ್ಟಿಗೆ ಎಂತಕ್ಕೆ ಒತ್ತದು? ಯಾವ ರಾಗದಲ್ಲಿ ಎರಡನ್ನೂ ಒಟ್ಟಿಗೆ ಒತ್ತಿ ಕೂರ್ತೆ ನೀನು?"

"ರಾಗ ಅಲ್ಲ ಭಟ್ರೇ. ಇಂಗ್ಲಿಷ್ ತುಣುಕು. ಚರ್ಚಿನ ಸಿಸ್ಟರ್ ಕಲಿಸಿದ್ದಂತೆ ಅವರಿಗೆ. ಮೂರು ಮೂರು ಸ್ವರದ ಮನೆ ಕಟ್ಟಾಗಿ ಒಟ್ಟಿಗೆ ಒತ್ತೋದು. ಎರಡನೇ ಕಟ್ಟಲ್ಲೇ ಬರತ್ತೆ, ರಿ ಮ ಧ."

ಅತ್ತ ಎಲೆಯಡಿಕೆ ಉಗಿದ ಸದ್ದು. "ಹಂಗಾರೆ ನಂಗೆ ಗೊತ್ತಿಲ್ಲೆ ಮಾರಾಯ. ನಿನ್ನ ಕಿವಿ ಸರಿ ಇದ್ದು, ಅದು ನಂಗೆ ಗೊತ್ತಿದ್ದು. ಕೈ ಸರಿ ಇತ್ತನ?"

ಗಾಜು ಗುರುಗುಟ್ಟಿತು.

"ಕೆರೆದದ್ದು ವಾಪಸ್ ಅಂಟಿಸಲೆ ಬತ್ತಿಲ್ಲೆ," ಎಂದರು ಭಟ್ಟರು. "ತುದಿಗೂ ಬುಡಕ್ಕೂ ಎರಡೂ ಕಡೆ ಕೈ ಹಾಕಡ. ಹಳೇ ಹಿತ್ತಾಳೆ ಅದು, ಟಿಣ್ ಅಂತು ಅಂದ್ರೆ ಮುಗತ್ತು. ಲೆಕ್ಕ ಗೊತ್ತಿದ್ದವರ ಹತ್ರ ಕೇಳು."

"ಅವರೇ ಲೆಕ್ಕದ ಟೀಚರ್, ಭಟ್ರೇ."

"ಹಂಗಾರೆ ಎಂತಕ್ಕೆ ನಂಗೆ ಫೋನು ಮಾಡ್ದೆ?" ಎಂದು ಭಟ್ಟರು ಇಟ್ಟುಬಿಟ್ಟರು.

ಕೈ ಸರಿ ಇರಲಿಲ್ಲ. ಮೊನ್ನೆ ಬೆಳಿಗ್ಗೆ ಹನ್ನೊಂದು ಗಂಟೆಗೆ ಆ ಕೈ ಸರಿ ಇರಲಿಲ್ಲ. ರಿಷಭದ ರೀಡು ಕೂತಾಗಿತ್ತು, ಪಂಚಮದ ಜೊತೆ ಅಲೆ ನಿಂತಾಗಿತ್ತು, ಅವನು ರೇಜರಿನ ಹಾಗಿದ್ದ ಕೆರೆಯುವ ಉಳಿಯನ್ನು ಇನ್ನೂ ಕೆಳಗಿಟ್ಟಿರಲಿಲ್ಲ. ಹಿಂದೆ ನಿಂತಿದ್ದ ಟೀಚರ್, "ರಿ ಒಂಬತ್ತು ಬೈ ಎಂಟು. ಅಂದ್ರೆ ಒಂದಕ್ಕಿಂತ ಸ್ವಲ್ಪ ಜಾಸ್ತಿ. ಗೊತ್ತಾಯ್ತಾ?" ಎಂದರು. ಆ "ಗೊತ್ತಾಯ್ತಾ" ಹಿಂದಿನದೇ. 'ಯ್ತಾ' ಎನ್ನುವಲ್ಲಿ ಸ್ವಲ್ಪ ಮೇಲೆ ಹೋಗಿ, ಗೊತ್ತಾಗಿಲ್ಲ ಎನ್ನುವುದು ತಮಗೆ ಗೊತ್ತಿದೆ ಎಂದು ಇಡೀ ಕ್ಲಾಸಿಗೆ ಸಾರುವ ಹಾಗೆ. "ಗೊತ್ತಾಯ್ತು ಟೀಚರ್," ಎಂದು ಅವನು ಹೇಳಿದ. ಹೇಳುತ್ತಿದ್ದ ಹಾಗೇ ಕೈ ರೀಡಿನ ತುದಿಯ ಮೇಲೆ ಒಂದು ಗೀರು ಎಳೆಯಿತು. ಅವನೇ ಎಳೆದದ್ದು. ಕೈ ಎಳೆಯಿತು ಎಂದು ಎಷ್ಟು ಸಲ ಹೇಳಿಕೊಂಡರೂ ಅವನೇ. ಕೂದಲೆಳೆಯಷ್ಟು. ತೊಗೊಳ್ಳಿ, ಒಂದಕ್ಕಿಂತ ಸ್ವಲ್ಪ ಜಾಸ್ತಿ. ಆ ಕ್ಷಣದಲ್ಲಿ ನಾಲಿಗೆಯ ಮೇಲೆ ಬೆಲ್ಲ ಇಟ್ಟ ಹಾಗಾಗಿತ್ತು, ಅದು ನಿಜ. ಆಮೇಲೆ ಉಳಿದ ರೀಡುಗಳನ್ನೆಲ್ಲ ಜೀವ ಹಾಕಿ ಕೂರಿಸಿದ. ಅಷ್ಟು ಚೆಂದದ ಗಾಂಧಾರವನ್ನು ಅವನು ಯಾವ ಪೆಟ್ಟಿಗೆಯಲ್ಲೂ ಕೇಳಿರಲಿಲ್ಲ. ಆ ಗೀರನ್ನು ಮರೆತೂ ಬಿಟ್ಟಿದ್ದ. ನಿನ್ನೆ ಸಂಜೆ ಕೊನೆಯದಾಗಿ ರಿ, ಮ, ಧ ಮೂರನ್ನೂ ಒತ್ತಿ ತಿದಿ ತುಳಿದಾಗ ಪೆಟ್ಟಿಗೆಯ ಒಳಗಿನಿಂದ ಅದು ಗುರುಗುಟ್ಟಿತು. ಒಂದು ಗೀರಿಗೆ ಇಷ್ಟು? ಒಂದು ಗೀರಿಗೆ ಇಷ್ಟಾಗುವುದು ಸಾಧ್ಯವಿಲ್ಲ ಎಂದು ಕಸುಬು ಹೇಳುತ್ತಿತ್ತು. ಆದರೆ ಅದು ಬರೀ ಗೀರಾಗಿರಲಿಲ್ಲವಲ್ಲ. ಅದರೊಳಗೆ ಹನ್ನೊಂದು ವರ್ಷ ಇತ್ತು. ಅಷ್ಟನ್ನು ತುಂಬಿ ಎಳೆದರೆ ಹಿತ್ತಾಳೆಗೆ ಗೊತ್ತಾಗದೆ ಇರುತ್ತದೆಯೇ ಎಂದು ಅವನಿಗೆ ಅನ್ನಿಸಿತ್ತು. ಪೆಟ್ಟಿಗೆಗೆ ಬಟ್ಟೆ ಹೊದಿಸಿ, "ಮುಗೀತು ಟೀಚರ್, ನಾಳೆ ಒಂದ್ಸಲ ನೋಡಿ ಬಿಟ್ಕೊಡ್ತೀನಿ," ಎಂದು ಹೊರಟುಬಿಟ್ಟಿದ್ದ.

ನಾಳೆ ಎಂದರೆ ಇವತ್ತು. ಇವತ್ತೇ ಕೊನೆ. ನಾಳೆ ಬೆಳಿಗ್ಗೆ ಟೀಚರ್ ಆಸ್ಪತ್ರೆಗೆ ಹೊರಡುವವರು. ಎಡಗಿವಿ ಹೋಗಿ ನಾಲ್ಕು ವರ್ಷವಾಗಿತ್ತು. ಬಲಗಿವಿ ದಿನದಿನಕ್ಕೆ ಇಳಿಯುತ್ತಿತ್ತು. ತಲೆಬುರುಡೆಯೊಳಗೆ ಮಿಷನ್ ಕೂರಿಸುತ್ತಾರಂತೆ. "ಮಾತು ಕೇಳತ್ತೆ, ಸಂಗೀತ ಸಂಗೀತದ ಹಾಗೆ ಕೇಳೋದು ಕಷ್ಟ ಅಂದ್ರು ಡಾಕ್ಟ್ರು," ಎಂದು ಅವರು ತರಕಾರಿ ರೇಟು ಹೇಳುವ ಹಾಗೆ ಹೇಳಿದ್ದರು. ಫೋನಿನಲ್ಲಿ ಯಾರೋ ಆ ತುಣುಕನ್ನು ಶುದ್ಧ ಸ್ವರದಲ್ಲಿ ಕೂರಿಸಿ ನುಡಿಸಿದ್ದನ್ನು ಕೇಳಿದ್ದರಂತೆ. ಅಷ್ಟಕ್ಕೆ, ಮಲಗಿದ್ದ ಕಾಲ್ಪೆಟ್ಟಿಗೆಯನ್ನು ಎಬ್ಬಿಸಿ, ಸಾಗರದಿಂದ ಅವನನ್ನು ಕರೆಸಿದ್ದರು.

ಹೊಸನಗರದ ಬಸ್‌ಸ್ಟ್ಯಾಂಡಿನಲ್ಲಿ ಇಳಿದಾಗ ಮೂರು ಗಂಟೆಯ ಬಿಸಿಲು. ವಾಪಸು ಹೋಗುವ ಬಸ್ಸು ಎದುರಿಗೇ ನಿಂತಿತ್ತು, ಬಾಗಿಲು ತೆರೆದುಕೊಂಡು. ಹತ್ತಿದರೆ ಆಯಿತು. ಫೋನು ಆಫ್ ಮಾಡಿದರೆ ಆಯಿತು. ಹೋದ ಸಲವೂ ಹಾಗೇ ಮಾಡಿದ್ದೆ, ಎಂಟನೇ ಕ್ಲಾಸಿನಲ್ಲಿ, ಎಂದು ಯಾರೋ ಒಳಗೆ ಹೇಳಿದರು. ಕಂಡಕ್ಟರ್ "ಸಾಗರ ಸಾಗರ" ಎಂದು ಅವನ ಮುಖಕ್ಕೇ ಕೂಗಿದ. ಅವನು ಓಡುವವನ ಹಾಗೆ ಬಿರಬಿರನೆ ಉಲ್ಟಾ ದಿಕ್ಕಿಗೆ ನಡೆದ.

ಹೇಮಚಂದ್ರರು ಜಗುಲಿಯಲ್ಲಿ ಸೂಟ್‌ಕೇಸಿನ ಚಕ್ರಕ್ಕೆ ಎಣ್ಣೆ ಬಿಡುತ್ತಿದ್ದರು. ಎಪ್ಪತ್ತು ದಾಟಿದ, ತೆಳ್ಳಗೆ ಎತ್ತರದ ಮನುಷ್ಯ. "ಬಾರಪ್ಪ ಸುಬ್ಬಪ್ಪನ ಮಗ. ನಿನ್ನ ಟೀಚರು ಮಧ್ಯಾಹ್ನ ಮಲಗಿಲ್ಲ, ಮದ್ವೆ ಹೆಣ್ಣಿನ ಹಾಗೆ ಓಡಾಡ್ತಿದಾಳೆ. ಬೇಗ ಮುಗಿಸ್ಬಿಡು. ಐದೂವರೆಗೆ ನಮ್ಮ ಊಟ, ಹೊತ್ತು ಮುಳುಗಿದ್ಮೇಲೆ ನಾವು ಜೈನರು ತಿನ್ನಲ್ಲ ಗೊತ್ತಲ್ಲ. ಇವತ್ತು ನೀನೂ ನಮ್ಮ ಜೊತೆ ಕೂತ್ಕೋ." ಮತ್ತೆ ದನಿ ತಗ್ಗಿಸದೆಯೇ, "ಅವಳ ಬಲಗಡೆಗೆ ನಿಂತು ಮಾತಾಡು. ಎಡಗಡೆಯಿಂದ ನಾನು ನಾಲ್ಕು ವರ್ಷದಿಂದ ಬೈತಾ ಇದೀನಿ, ಒಂದಿನ ಜಗಳ ಆಗಿಲ್ಲ," ಎಂದರು. ನಗಬೇಕಿತ್ತು. ಲಿಖಿತನ ಮುಖ ನಗುವಿನ ಆಕಾರಕ್ಕೆ ಬಂದು ಅಲ್ಲೇ ಸಿಕ್ಕಿಕೊಂಡಿತು.

ಒಳಗೆ ಕಾಲ್ಪೆಟ್ಟಿಗೆಯ ಮೇಲಿನ ಬಟ್ಟೆ ಆಗಲೇ ಮಡಚಿಟ್ಟಾಗಿತ್ತು. ಯಾವುದೋ ನಾಟಕ ಕಂಪನಿ ಮುಚ್ಚಿಹೋದಾಗ ತೀರ್ಥಹಳ್ಳಿಯಲ್ಲಿ ಕೊಂಡ ಪೆಟ್ಟಿಗೆ ಅದು; ಎರಡು ಕಾಲಿನಿಂದಲೂ ತಿದಿ ತುಳಿದರೆ ಎರಡು ಕೈಯೂ ಮನೆಗಳ ಮೇಲೆ ಆಡಬಹುದು. ಒಳಗೆ ಎರಡು ಸಾಲು ರೀಡು, ಒಂದೊಂದು ಸಾಲಿಗೆ ಎದುರಿಗೆ ಒಂದೊಂದು ಮರದ ಗುಬುಟು. ಎಳೆದರೆ ಆ ಸಾಲು ನುಡಿಯುತ್ತದೆ, ಒತ್ತಿದರೆ ಮುಚ್ಚುತ್ತದೆ. ಮುಂದಿನ ಸಾಲನ್ನು ಮಾತ್ರ ಅವನು ಕೂರಿಸಿದ್ದ. ಹಿಂದಿನ ಸಾಲಿಗೆ ಕೈ ಹಾಕಲು ಹೇಮಚಂದ್ರರು ಬಿಟ್ಟಿರಲಿಲ್ಲ. ಅಲ್ಲಿ ಕುಂಬಾರ ಹುಳ ಮಣ್ಣಿನ ಗೂಡು ಕಟ್ಟಿತ್ತು. "ಒಳಗೆ ಮರಿ ಇರತ್ತಪ್ಪ. ಅವು ಹೋಗೋವರೆಗೆ ಮುಟ್ಟೋದು ಬೇಡ," ಎಂದಿದ್ದರು.

"ನೋಡೋದಿದೆ ಅಂದಿದ್ಯಲ್ಲ, ನೋಡು," ಎಂದರು ಟೀಚರ್. ಬಿಳಿ ಕಾಟನ್ ಸೀರೆ, ಹಿಂದಕ್ಕೆ ಬಿಗಿದ ಬಿಳಿ ಕೂದಲು, ಬೋರ್ಡಿನ ಮುಂದೆ ನಿಂತಿದ್ದವರಿಗಿಂತ ಒಂದು ಗೇಣು ಕುಳ್ಳಗಾಗಿದ್ದರು. ಅವನು ಉಪಕರಣದ ಚೀಲ ಬಿಚ್ಚಿದ, ಮುಚ್ಚಿದ. ಏನೂ ಮುಟ್ಟುವ ಧೈರ್ಯವಿರಲಿಲ್ಲ. ರಿಷಭದ ತುದಿಯ ಮೇಲೆ ಈಗ ಬುಡವನ್ನೂ ಕೆರೆದರೆ ಟಿಣ್. ಕೆರೆಯದಿದ್ದರೆ ಗುರ್. "ನೋಡಿಯಾಯ್ತು ಟೀಚರ್," ಎಂದ.

ಅವರು ಕೂತರು. ಪಾದ ಎರಡನ್ನೂ ತಿದಿಯ ಮೇಲಿಟ್ಟು, ಬಲಗಿವಿ ಸ್ವಲ್ಪ ಮುಂದೆ ಬರುವ ಹಾಗೆ ಕತ್ತು ಓರೆ ಮಾಡಿದರು. ಮೊದಲ ಕಟ್ಟು: ಸ, ಗ, ಪ. ಒಂದರ ಮೇಲೊಂದು ಕೆಳಗಿನಿಂದ ಮೇಲಕ್ಕೆ ಹತ್ತಿ, ನಿಂತು, ಮೂರೂ ಸೇರಿ ಒಂದೇ ಆದವು. ಅದು ಮೂರು ಸ್ವರವಾಗಿ ಉಳಿಯಲಿಲ್ಲ. ಕೋಣೆಯ ಗಾಳಿಯೇ ಒಂದು ಬಣ್ಣಕ್ಕೆ ತಿರುಗಿ ಸ್ಥಿರವಾಯಿತು. ಟೀಚರ ಬಾಯಿ ಸಣ್ಣಗೆ ತೆರೆದುಕೊಂಡಿತು, ಮುಚ್ಚಲಿಲ್ಲ. ಬೇಕಾದಷ್ಟಕ್ಕಿಂತ ಹೆಚ್ಚು ಹೊತ್ತು ಅಲ್ಲೇ ಒತ್ತಿ ಹಿಡಿದರು. ಅಲ್ಲೇ ಇರಿ, ಅಲ್ಲೇ ಇರಿ, ಮುಂದೆ ಹೋಗಬೇಡಿ ಎಂದು ಲಿಖಿತನ ಎದೆ ಹೊಡೆದುಕೊಳ್ಳುತ್ತಿತ್ತು. ಅವರು ಮುಂದೆ ಹೋದರು. ರಿ, ಮ, ಧ. ಅದು ಗುರುಗುಟ್ಟಿತು.

ಟೀಚರ್ ಕೈ ಎತ್ತಿದರು. ಮತ್ತೆ ಒತ್ತಿದರು. ಮೂರನೇ ಸಲ ಬರೀ ರಿ ಮತ್ತು ಧ ಮಾತ್ರ ಒತ್ತಿದರು. ಮೂರನೆಯದೇ ಭಯಂಕರವಾಗಿತ್ತು, ಮೈಮೇಲೆ ಏನೂ ಇಲ್ಲದ ಹಾಗೆ.

"ಇದೇನು?"

"ಧೂಳು ಇರ್ಬೇಕು ಟೀಚರ್."

"ಏನು?" ಅವನು ಎಡಗಡೆ ನಿಂತಿದ್ದ. ಬಲಗಡೆಗೆ ಬಂದು, ಸುಳ್ಳನ್ನು ಜೋರಾಗಿ ಇನ್ನೊಮ್ಮೆ ಹೇಳಬೇಕಾಯಿತು. "ಧೂಳು ಟೀಚರ್!" ಜಗುಲಿಯಲ್ಲಿ ಎಣ್ಣೆ ಬಿಡುವುದು ನಿಂತಿತು.

"ಧೂಳು ಇಷ್ಟು ಲೆಕ್ಕವಾಗಿ ಗುರುಗುಡಲ್ಲ," ಎಂದು ಟೀಚರ್ ಬಗ್ಗಿ ಹಣೆಯನ್ನು ಪೆಟ್ಟಿಗೆಯ ಮರಕ್ಕೆ ಆನಿಸಿದರು. ಹಣೆ ಅಲ್ಲಿಟ್ಟುಕೊಂಡೇ ಒತ್ತಿದರು. ಅವರು ಕಿವಿಯಿಂದಲ್ಲ, ಎಲುಬಿನಿಂದ ಕೇಳುತ್ತಿದ್ದರು. ಹಲ್ಲು ಕಚ್ಚಿಕೊಂಡಿದ್ದರು. ಎಲುಬಿಗೆ ಎಲ್ಲ ಗೊತ್ತಾಗುತ್ತದೆ, ಮೊನ್ನೆ ಹನ್ನೊಂದು ಗಂಟೆಯದ್ದೂ ಗೊತ್ತಾಗುತ್ತದೆ ಎಂದು ಲಿಖಿತನಿಗೆ ಅನ್ನಿಸಿತು. ಈಗ ಹೇಳಿಬಿಡಬೇಕು. ಬಾಯಿ ತೆರೆದ. ಅಷ್ಟರಲ್ಲಿ ಅವರು ತಲೆ ಎತ್ತಿ, "ಚೀಟಿ ಎಲ್ಲಿ?" ಎಂದರು.

ಬೆವರಿಗೆ ಮೆತ್ತಗಾದ ಚೀಟಿಯನ್ನು ಅವರು ಮಗುಚಿ ಬೆನ್ನಮೇಲೆ ಪೆನ್ಸಿಲ್ಲಿನಿಂದ ಬರೆಯತೊಡಗಿದರು. "ರಿ ಒಂಬತ್ತು ಬೈ ಎಂಟು. ಅದರ ಪಂಚಮ ಅಂದ್ರೆ ಅದರ ಒಂದೂವರೆ. ಇಪ್ಪತ್ತೇಳು ಬೈ ಹದಿನಾರು. ಅಂದ್ರೆ ರಿ ಕೇಳೋ ಧ ಇದು." ಪಕ್ಕದಲ್ಲಿ ಇನ್ನೊಂದು ಬರೆದರು. "ನಾನು ನಿಂಗೆ ಕೊಟ್ಟ ಧ ಐದು ಬೈ ಮೂರು. ಎರಡೂ ಒಂದೇನಾ?" ಪೆನ್ಸಿಲ್ ಅವನ ಕಡೆ ಚಾಚಿತು. "ಛೇದ ಸಮ ಮಾಡು."

ಫ್ಯಾನು ತಿರುಗುತ್ತಿತ್ತು. ಕ್ಲಾಸು ಹಿಂದೆ ಕೂತಿತ್ತು, ನಲವತ್ತೆರಡು ಜನ, ನಗಲು ತಯಾರಾಗಿ. ಅವನ ಕೈ ಪೆನ್ಸಿಲ್ ತೆಗೆದುಕೊಂಡಿತು. ಚಾಕ್‌ಪೀಸಿನ ವಾಸನೆ ಬಂತು, ನಿಜವಾಗಿ ಬಂತು. ಮೇಲಿನದಕ್ಕೆ ಮೇಲಿನದಲ್ಲ, ಕೆಳಗಿನದಕ್ಕೆ ಕೆಳಗಿನದಲ್ಲ. ಹದಿನಾರು, ಮೂರು. ಹದಿನಾರು ಮೂರ್ಲಿ ನಲವತ್ತೆಂಟು. ಹಾಗಾದರೆ ಮೇಲೆ ಇಪ್ಪತ್ತೇಳು ಮೂರ್ಲಿ. ಇತ್ತ ಹದಿನಾರೈದ್ಲಿ. ಪೆನ್ಸಿಲ್ಲಿನ ಮೊನೆ ಕಾಗದವನ್ನು ಎರಡು ಕಡೆ ಹರಿಯಿತು. ಬರೆದು, ಅವರ ಮುಖ ನೋಡದೆ, ಚೀಟಿಯನ್ನು ಪೆಟ್ಟಿಗೆಯ ಮೇಲೆ ನೂಕಿದ.

"ಎಂಬತ್ತೊಂದು," ಎಂದು ಓದಿದರು ಟೀಚರ್. "ಎಂಬತ್ತು." ಎರಡರ ಅಡಿಗೂ ಗೆರೆ ಎಳೆದರು. "ಒಂದು ಉಳೀತು."

ಅವನು ಕಾದ.

"ನಿಂದಲ್ಲ ಕಣೋ ತಪ್ಪು. ನಂದು. ಏಳೂ ಸ್ವರನ ಬೇರೆ ಬೇರೆ ಬರ್ದೆ, ಒಂದಕ್ಕೊಂದು ತಾಳೆ ನೋಡ್ಲೇ ಇಲ್ಲ. ಪಂಚಮಕ್ಕೆ ಸರಿ ಹೋಗೋ ರಿ ಬೇರೆ, ಧೈವತಕ್ಕೆ ಸರಿ ಹೋಗೋ ರಿ ಬೇರೆ. ಎರಡನ್ನೂ ಒಂದೇ ಮನೇಲಿ ಇಟ್ಟು ಹೊಂದ್ಕೊಂಡು ಹೋಗಿ ಅಂದ್ರೆ ಗುರುಗುಡದೆ ಇನ್ನೇನು ಮಾಡ್ತಾವೆ?" ಎಂದು ನಕ್ಕರು. "ಮೂವತ್ತೊಂದು ವರ್ಷ ಲೆಕ್ಕ ಹೇಳ್ಕೊಟ್ಟೆ."

ತಪ್ಪು ಅವನದಲ್ಲ. ನಿನ್ನೆ ಸಂಜೆಯಿಂದ ಕತ್ತಿಗೆ ಬಿದ್ದಿದ್ದ ಹಗ್ಗ ಸಡಿಲಾಯಿತು. ಆದರೆ ಸಡಿಲಾದದ್ದೇ ಬೇರೆ ಹೆದರಿಕೆ ಒಳಗೆ ಬಂತು. ಈಗ ಸುಮ್ಮನಿದ್ದರೆ ಆಯಿತು. ಯಾರಿಗೂ ಗೊತ್ತಾಗುವುದಿಲ್ಲ. ಟೀಚರ್ ತಪ್ಪು ತಮ್ಮದೆಂದು ತಾವಾಗಿಯೇ ಒಪ್ಪಿಕೊಂಡಿದ್ದಾರೆ, ಇಷ್ಟು ವರ್ಷ ಅವನು ಕನಸಿನಲ್ಲಿ ಕಂಡದ್ದು ಅದನ್ನೇ ಅಲ್ಲವೇ? ಅದು ಕೈಗೆ ಬಂದಿದೆ, ಬಾಯಿಗೆ ಹಾಕಿಕೊಳ್ಳಲಾಗುತ್ತಿಲ್ಲ. "ಟೀಚರ್," ಎಂದ, ಮೆಲ್ಲಗೆ, ಗೊತ್ತಿದ್ದೂ ಎಡಗಡೆಗೆ ಸರಿದು. "ಮೊನ್ನೆ ಆ ರಿ ಮೇಲೆ ನಾನು ಒಂದು ಗೀರು ಜಾಸ್ತಿ ಎಳ್ದಿದೀನಿ. ಬೇಕಂತಲೇ." ಟೀಚರ್ ತಿರುಗಲಿಲ್ಲ. ಹೇಳಿಯಾಯಿತು. ಹೇಳಿದ ಹಾಗೂ ಆಯಿತು, ಕೇಳಿಸದ ಹಾಗೂ ಆಯಿತು. ಅವನಿಗೆ ತನ್ನ ಮೇಲೆ ಎಂಥ ಹೇಸಿಗೆ ಬಂತೆಂದರೆ, ಕೈ ತೊಳೆದುಕೊಳ್ಳಬೇಕೆನ್ನಿಸಿತು.

"ಹಿಂದಿನ ಸಾಲಿದೆಯಲ್ಲ," ಎಂದರು ಟೀಚರ್, ಗುಬುಟನ್ನು ಮುಟ್ಟಿ. "ಅದರಲ್ಲಿ ಆ ಕಟ್ಟಿನ ಮೂರೇ ರೀಡು ಕೂರ್ಸು. ರಿ ಇಳಿಸಿ, ಧೈವತಕ್ಕೆ ಸರಿಯಾಗೋ ಹಾಗೆ. ಆ ಕಟ್ಟು ಬಂದಾಗ ಇದನ್ನ ಒತ್ತಿ ಅದನ್ನ ಎಳೀಬೇಕು. ನನ್ನ ಎರಡೂ ಕೈ ಮನೆ ಮೇಲಿರತ್ತೆ. ಎಳೆಯೋನು ನೀನು."

ಹೇಮಚಂದ್ರರು ಟಾರ್ಚು ಹಿಡಿದು ಬಂದು ಬಗ್ಗಿ ನೋಡಿದರು. ಮಣ್ಣಿನ ಗೂಡುಗಳಲ್ಲಿ ದುಂಡನೆಯ ತೂತು ಬಿದ್ದಿದ್ದವು. "ಹೇಳ್ದೆ ಕೇಳ್ದೆ ಮನೆ ಖಾಲಿ ಮಾಡಿದಾರೆ," ಎಂದರು ಸಮಾಧಾನದಿಂದ. "ಮಾಡಪ್ಪ. ಐದೂವರೆ ನೆನಪಿಟ್ಕೋ."

ಹಿಂದಿನ ಸಾಲಿನ ರಿಷಭವನ್ನು ಹೊರತೆಗೆದಾಗ ಅದು ಅವನ ಬೆರಳಿಗಿಂತ ತೆಳ್ಳಗೆ, ಹಸಿರು ಹಿಡಿದು, ತಣ್ಣಗಿತ್ತು. ತುಂಬ ಇಳಿಸಬೇಕು, ಅಂದರೆ ಬುಡ ತುಂಬ ಕೆರೆಯಬೇಕು, ಮುರಿಯುವುದು ಯಾವತ್ತೂ ಬುಡದಲ್ಲೇ. ಇನ್ನೊಂದಿಲ್ಲ. ಇಂಥ ಹಿತ್ತಾಳೆ ಈಗ ಸಿಗುವುದಿಲ್ಲ, ಸಿಕ್ಕಿದರೂ ನಾಳೆಯ ನಂತರ ಬೇಕಾಗುವುದಿಲ್ಲ. ಎರಡು ಗೀರು, ಜಾಗಕ್ಕೆ ಕೂರಿಸು, ತುಳಿ, ಕೇಳು, ತೆಗೆ. ಟೀಚರ್ ಹಣೆಯನ್ನು ಮರಕ್ಕಿಟ್ಟು ಕೂತಿದ್ದರು, ಬೆರಳಿನಿಂದ ಅಲೆಯನ್ನು ಎಣಿಸುತ್ತ. ಸಾವಿರಾರು ಪುಟ ತಿದ್ದಿದ ಆ ಬೆರಳು ಅವನ ಒಂದೊಂದು ಗೀರಿಗೂ ಮರದ ಮೇಲೆ ಬಡಿಯುತ್ತಿತ್ತು. ಎಂಟು. ಆರು. ಎರಡು ಗೀರು. ನಾಲ್ಕು. ಬೆವರು ರೆಪ್ಪೆಗೆ ಬಂತು. ಮೂರು. ಒಂದು ಗೀರು. ಈಗ ಕೈ ಏನು ಬೇಕಾದರೂ ಮಾಡಬಹುದು, ಮೊನ್ನೆ ಮಾಡಿದ್ದ ಕೈಯೇ ಇದು, ಇದರ ಮೇಲೆ ಯಾರಿಗೆ ನಂಬಿಕೆ? ಟೀಚರಿಗಿತ್ತು. ಅವರು ಕಣ್ಣು ಮುಚ್ಚಿದ್ದರು. ಎರಡು. ಅರ್ಧ ಗೀರು, ಉಸಿರು ಬಿಟ್ಟಷ್ಟು. ಬೆರಳು ಮೇಲೆದ್ದದ್ದು ಕೆಳಗಿಳಿಯಲಿಲ್ಲ.

"ನಿಂತ್ಕೊಂತು," ಎಂದರು.

ಮಧ್ಯಮ, ಧೈವತ ಸುಲಭವಾದವು. ಐದಕ್ಕೆ ಹತ್ತು ನಿಮಿಷವಿತ್ತು. ಒಳಗೆ ತಟ್ಟೆಯ ಸದ್ದು ಶುರುವಾಗಿತ್ತು. ಅವನು ಅವರ ಬಲಗಡೆಗೆ ಮಣೆ ಹಾಕಿಕೊಂಡು, ಎರಡು ಗುಬುಟುಗಳ ಮೇಲೆ ಎರಡು ಕೈಯಿಟ್ಟು ಕೂತ. ಸ, ಗ, ಪ. ಸನ್ನೆಯಾಗಿ ಅವರ ಗಲ್ಲ ತುಸು ಅಲುಗಿತು, ಒತ್ತಿದ, ಎಳೆದ. ರಿ, ಮ, ಧ. ಆ ಗುರುಗುಟ್ಟುವ ನಾಯಿ ಇರಲಿಲ್ಲ. ಇದ್ದ ಜಾಗದಲ್ಲಿ ಸುಮ್ಮನೆ ಮೂರು ಸ್ವರ ಒಂದಾಗಿ ನಿಂತಿದ್ದವು. ಮತ್ತೆ ಗಲ್ಲ ಅಲುಗಿತು, ಎಳೆದ, ಒತ್ತಿದ. ಮುಂದಿನ ಕಟ್ಟು, ಮುಂದಿನ ಸಾಲಿನದು: ಕೆಳಗಿನ ಪ, ನಿ, ಮೇಲೆ ಮೊನ್ನೆಯ ಅದೇ ರಿ. ಟೀಚರ್ ಅಲ್ಲಿ ನಿಂತುಬಿಟ್ಟರು.

ಮನೆಗಳನ್ನು ಬಿಡಲಿಲ್ಲ. ಕಾಲು ತುಳಿಯುತ್ತಲೇ ಇತ್ತು. ಲಿಖಿತನಿಗೆ ಕೇಳಿಸಿತು, ಅವನಿಗೆ ಮೊದಲೇ ಕೇಳಿಸಿತ್ತು. ಗುರುಗುಟ್ಟುವುದಲ್ಲ. ತೀರ ನಿಧಾನವಾದ ಒಂದು ಅಲೆ, ಮಲಗಿದವರ ಉಸಿರಿನಂಥದ್ದು. ಏರಿ, ಇಳಿದು, ಮತ್ತೆ ಏರಿ. ದೊಡ್ಡ ಶಬ್ದ ಹೋದ ಮೇಲೆ ಅದೊಂದೇ ಕೋಣೆಯಲ್ಲಿ ಉಳಿದಿತ್ತು.

"ಇದು ಲೆಕ್ಕದಲ್ಲಿ ಬರಲ್ಲ," ಎಂದರು ಟೀಚರ್, ಮುಂದೆ ನೋಡುತ್ತಲೇ. "ಪ, ರಿ ಎರಡಕ್ಕೂ ತಾಳೆ ಇದೆ, ನಾನೇ ನೋಡಿದೀನಿ. ಇದು ಯಾರ್ದು?"

ಅವನು ಬಲಗಡೆ ಕೂತಿದ್ದ. ಸರಿಯಲು ಜಾಗವಿರಲಿಲ್ಲ, ಎರಡು ಕೈಯೂ ಗುಬುಟಿನ ಮೇಲಿದ್ದವು. ಬಾಗಿಲಲ್ಲಿ ಹೇಮಚಂದ್ರರು ನಿಂತಿದ್ದರು, ಕೈಯಲ್ಲಿ ನೀರಿನ ಚೊಂಬು.

"ನಂದು," ಎಂದ. ಆ ಕಿವಿಗೆ ಕೇಳುವಷ್ಟು ಜೋರಾಗಿ, ಬೀದಿಗೆ ಕೇಳಿದರೂ ಕೇಳಲಿ ಎಂದು ಇನ್ನೊಮ್ಮೆ ಹೇಳಿದ: "ಅದು ನಂದು ಟೀಚರ್. ಗೊತ್ತಿದ್ದೇ ಕೆರ್ದಿದ್ದು."

ಅಲೆ ಏರಿತು, ಇಳಿಯಿತು. ಸರಿಮಾಡಲೇ ಎಂದು ಕೇಳಬೇಕೆಂದುಕೊಂಡ. ಆದರೆ ತುದಿಗೂ ಬುಡಕ್ಕೂ ಎರಡೂ ಕಡೆ ಕೈ ಹಾಕಬಾರದು. ಟೀಚರ್ ನಿಧಾನವಾಗಿ ಅವನ ಕಡೆ ತಿರುಗಿದರು. ವಾರದಿಂದ ನೋಡುತ್ತಿದ್ದ ಮುಖವೇ, ಆದರೆ ಈಗ ಅದು ಅವನನ್ನು ಎಲ್ಲೋ ಮೂರನೇ ಬೆಂಚಿನಲ್ಲಿ ಹುಡುಕಿ, ಕಂಡು, ಅಲ್ಲೇ ನಿಂತಿತ್ತು.

"ಎರಡು ಬೈ ಐದು," ಎಂದರು.

ಅವರಿಗೆ ನೆನಪಿತ್ತು. ಮೊದಲ ದಿನದಿಂದಲೂ ನೆನಪಿತ್ತು. ಇನ್ನೇನು ಬರುತ್ತದೆ ಎಂದು ಅವನು ಕಾದ. ಬೈಗುಳವೋ ಕ್ಷಮೆಯೋ, ಯಾವುದು ಬಂದರೂ ತಡೆಯಲಾಗದು ಎನ್ನಿಸಿ ಗುಬುಟುಗಳನ್ನು ಬಿಗಿಯಾಗಿ ಹಿಡಿದುಕೊಂಡ. ಏನೂ ಬರಲಿಲ್ಲ. ಟೀಚರ್ ಮತ್ತೆ ಪೆಟ್ಟಿಗೆಯ ಕಡೆ ತಿರುಗಿ, ಬಲಗಿವಿಯನ್ನು ಮುಂದಕ್ಕೆ ಓರೆ ಮಾಡಿ, ಮೊದಲಿನಿಂದ ಶುರುಮಾಡಿದರು. ಸ, ಗ, ಪ. ಅವರ ಗಲ್ಲ ಅಲುಗುವುದನ್ನೇ ನೋಡುತ್ತ, ಉಸಿರು ಹಿಡಿದು, ಅವನು ಎರಡು ಕೈಯಲ್ಲೂ ಕಾಯುತ್ತಿದ್ದ.